ಹಳದಿ ಗೆರೆಯ ಈಚೆ

ಈಜು ತಂಡಕ್ಕೆ ಸೇರಿದ್ದು ಕಡ್ಡಿ ಒಬ್ಬಳೇ ಆದರೂ ಆ ಬೇಸಿಗೆಯಲ್ಲಿ ಮನೆಯವರೆಲ್ಲರ ತಲೆ ಒದ್ದೆಯಾಯಿತು.

ಕಡ್ಡಿ ಎಂದರೆ ಆ ಮನೆಯ ಹತ್ತು ವರ್ಷದ ಹುಡುಗಿ. ಎಷ್ಟು ತಿಂದರೂ ಮೈಗೆ ಹತ್ತುವುದಿಲ್ಲವೆಂದು ಅಜ್ಜಿ ಇಟ್ಟ ಹೆಸರು ಅದು, ಈಗ ಶಾಲೆಯಲ್ಲೂ ಅದೇ ನಡೆಯುತ್ತಿತ್ತು. ಅಪ್ಪ ಸಿಟಿ ಬಸ್ಸಿನ ಡ್ರೈವರು. ಅಮ್ಮ ಯೂನಿಫಾರಂ ಹೊಲಿಯುವ ಕಾರ್ಖಾನೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಂಗಿಗಳಿಗೆ ಕಾಲರ್ ಕೂಡಿಸುವವಳು. ಅಪ್ಪನ ತಾಯಿಯಾದ ಅಜ್ಜಿ ಆಸ್ಪತ್ರೆಯ ಮಕ್ಕಳ ವಾರ್ಡಿನಲ್ಲಿ ಆಯಾ ಆಗಿದ್ದು ನಿವೃತ್ತಳಾದವಳು. ಮನೆಯನ್ನೂ ಆಕೆ ವಾರ್ಡಿನ ಹಾಗೆಯೇ ನಡೆಸುತ್ತಿದ್ದಳು. ಯಾರು ಏನು ತಿಂದರು, ಯಾರು ತಿನ್ನಲಿಲ್ಲ, ಯಾರ ಮುಖ ಯಾಕೆ ಹೀಗಿದೆ, ಎಲ್ಲ ಅವಳಿಗೆ ಗೊತ್ತಿರಬೇಕು.

ಸೇರಿಸಿದ ದಿನ ಕೋಚ್ ಮೇಡಂ ಮನೆಯವರನ್ನೆಲ್ಲ ಕೊಳದ ಪಕ್ಕದ ಮೆಟ್ಟಿಲುಗಳ ಮೇಲೆ ಕೂರಿಸಿದರು. ಮೈಕು ಬೇಕಿಲ್ಲದ ಗಂಟಲು ಅವರದು.

"ಮಕ್ಕಳು ಆರು ಗಂಟೆಗೆ ಇಲ್ಲಿರ್ಬೇಕು. ಆರು ಗಂಟೆ ಅಂದ್ರೆ ನೀರಲ್ಲಿ, ಗೇಟಲ್ಲಲ್ಲ. ಅವರ ಚೀಲ ಅವರೇ ಹೊರ್ಬೇಕು. ಬರಕ್ಕಾಗಲ್ಲ ಅಂದ್ರೆ ಮಗುನೇ ಬಂದು ನಂಗೆ ಹೇಳ್ಬೇಕು, ನೀವು ಹೇಳಿದ್ರೆ ನನ್ನ ಕಿವಿಗೆ ಬೀಳಲ್ಲ. ಪಂದ್ಯದ ದಿನ ಪ್ರತಿ ಮನೆಯವರೂ ಏನಾದ್ರೂ ಕೆಲಸಕ್ಕೆ ನಿಲ್ಲಬೇಕು. ಸ್ಟಾಪ್‌ವಾಚ್ ಹಿಡಿಯೋದು, ಮಕ್ಕಳನ್ನ ಸಾಲಾಗಿ ಕೂರಿಸೋದು, ಶರಬತ್ತು ಮಾಡೋದು. ಬರೀ ಚಪ್ಪಾಳೆ ತಟ್ಟೋರು ಬೇಡ."

ಯಾರೋ ಒಬ್ಬರು ನಕ್ಕರು. ಮೇಡಂ ನಗಲಿಲ್ಲ.

"ಆ ಹಳದಿ ಗೆರೆ ಕಾಣ್ತಿದ್ಯಲ್ಲ. ಪಂದ್ಯದ ದಿನ ಅದನ್ನ ದಾಟೋ ಹಾಗಿಲ್ಲ. ಈಚೆಯಿಂದ ಕೈ ಹಾಗೆ ಹಾಕು, ಕಾಲು ಹೀಗೆ ಹಾಕು ಅಂತ ಕೂಗೋ ಹಾಗೂ ಇಲ್ಲ. ಹೇಳಿಕೊಡೋದು ನನ್ನ ಕೆಲಸ. ಒರೆಸಿಕೊಡೋದು ನಿಮ್ಮದು."

ಅಜ್ಜಿಗೆ ಆ ಹೆಂಗಸು ಹಿಡಿಸಿಬಿಟ್ಟಳು. "ಇಂಥವಳೊಬ್ಬಳು ನಮ್ಮ ವಾರ್ಡಲ್ಲಿ ಇರ್ಬೇಕಿತ್ತು ಕಣೇ," ಎಂದು ಸೊಸೆಯ ಕಿವಿಯಲ್ಲಿ ಹೇಳಿದಳು. ಅಪ್ಪ ಮಾತ್ರ ಗೆರೆಯನ್ನೇ ನೋಡುತ್ತಿದ್ದ. ಗೆರೆಯಿಂದ ನೀರಿಗೆ ಎಷ್ಟು ದೂರ ಎಂದು ಅವನ ಕಣ್ಣು ಅಳೆಯುತ್ತಿತ್ತು.

ಅಂದಿನಿಂದ ಮನೆಯ ಗಡಿಯಾರವೇ ಬೇರೆಯಾಯಿತು. ಅಪ್ಪ ಮಧ್ಯಾಹ್ನದ ಪಾಳಿ ಕೇಳಿ ಹಾಕಿಸಿಕೊಂಡ, ಬೆಳಿಗ್ಗೆ ಮಗಳನ್ನು ಕರೆದುಕೊಂಡು ಹೋಗಲು. ಮಗು ಬೇಗ ಮಲಗಬೇಕೆಂದು ಅಜ್ಜಿ ಹೊತ್ತು ಮುಳುಗುವ ಮೊದಲೇ ಅನ್ನ ಬೇಳೆ ಮಾಡಿ ಮುಗಿಸುತ್ತಿದ್ದಳು. ಕಾರ್ಖಾನೆಯಿಂದ ಬಂದ ಅಮ್ಮ ಕೈಕಾಲು ತೊಳೆಯುವ ಮೊದಲೇ ತಟ್ಟೆ ಎದುರಿಗೆ ಬರುತ್ತಿತ್ತು. ಅಪ್ಪನಿಗಂತೂ ದಿನವೂ ತಂಗಳೇ ಗತಿ.

"ಅತ್ತೆ, ನಂಗಿನ್ನೂ ಹಸಿವೇ ಆಗಿಲ್ಲ."

"ಹಸಿವು ಆದಾಗ ತಿನ್ನಕ್ಕೆ ಇದು ಹೋಟೆಲಲ್ಲ. ಮಗು ಜೊತೆ ಕೂತ್ಕೊಂಡು ತಿನ್ನು."

"ಹತ್ತು ವರ್ಷದಿಂದ ನಾನು ಬಾಯಿ ಬಡ್ಕೊಂಡ್ರೂ ಈ ಮನೇಲಿ ಊಟದ ಹೊತ್ತು ಬದಲಾಗಿರ್ಲಿಲ್ಲ. ಈ ಕಡ್ಡಿ ಬಂದು ಒಂದೇ ದಿನಕ್ಕೆ ಬದಲಾಯಿಸಿದ್ಳು ನೋಡಿ."

"ನೀನೂ ಈಜು ಕಲಿ. ನಿಂಗೂ ಬದಲಾಯಿಸ್ತೀನಿ," ಎಂದಳು ಅಜ್ಜಿ.

ಅಪ್ಪನಿಗೆ ಈಜು ಬರುತ್ತಿರಲಿಲ್ಲ. ನೀರೆಂದರೆ ಅವನಿಗೆ ಬಕೆಟ್ಟು, ಅದರಾಚೆಗೆ ನಂಬಿಕೆಯಿರಲಿಲ್ಲ. ಇಷ್ಟು ವರ್ಷ ಬಸ್ಸು ಓಡಿಸಿ ಒಂದು ಬೆಕ್ಕಿನ ಬಾಲಕ್ಕೂ ಚಕ್ರ ತಾಗಿಸಿದವನಲ್ಲ ಆತ. ಅದರ ಗುಟ್ಟು ಕೇಳಿದವರಿಗೆ ಒಂದೇ ಮಾತು ಹೇಳುತ್ತಿದ್ದ, ಕನ್ನಡಿಯಿಂದ ಕಣ್ಣು ತೆಗೆಯಬಾರದು. ಅಂಥವನು ಮಗಳನ್ನು ನೀರಿಗೆ ಬಿಟ್ಟು ಬೆಂಚಿನ ಮೇಲೆ ಕಾಲು ಚಾಚಿ ಕೂರುವುದುಂಟೆ? ಅಭ್ಯಾಸದ ದಿನಗಳಲ್ಲಿ ಗೆರೆಯ ಕಟ್ಟುನಿಟ್ಟು ಇರಲಿಲ್ಲ. ಚಿಕ್ಕ ಮಕ್ಕಳು ಕೊಳದ ಆ ತುದಿಯಿಂದ ಈ ತುದಿಗೆ ಈಜಿ, ದಡದ ಮೇಲೆ ನಡೆದುಕೊಂಡು ಮರಳಬೇಕಿತ್ತು. ಕಡ್ಡಿ ನೀರಿಗಿಳಿದ ಕೂಡಲೇ ಅಪ್ಪ ಎದ್ದು, ಬಲಗಡೆಯ ದಡದ ಮೇಲೆ ಅವಳ ಸಮಕ್ಕೆ ನಡೆಯುತ್ತಿದ್ದ. ಅವಳು ಉಸಿರಿಗೆಂದು ಬಲಕ್ಕೆ ಮುಖ ಎತ್ತಿದಾಗೆಲ್ಲ ಅಪ್ಪನ ಖಾಕಿ ಪ್ಯಾಂಟಿನ ಅಂಚು ಕಾಣುತ್ತಿತ್ತು.

"ಸರ್, ಕೂತ್ಕೊಳಿ," ಎಂದು ಮೇಡಂ ಹೇಳಿದರೆ ಕೂರುತ್ತಿದ್ದ. ಮೇಡಂ ಬೇರೆ ಮಗುವಿನ ಕಡೆ ತಿರುಗಿದ ಮೇಲೆ ಏಳುತ್ತಿದ್ದ.

ಮೊದಲ ಪಂದ್ಯ ಬಂತು. ಅಪ್ಪ ಅಮ್ಮ ಇಬ್ಬರೂ ರಜೆ ಹಾಕಿದ್ದರು. ಅಮ್ಮ ಸ್ಟಾಪ್‌ವಾಚಿನ ಕೆಲಸಕ್ಕೆ ನಿಂತಿದ್ದಳು, ಮನೆಯ ಪಾಲಿನ ಕೆಲಸ ಅಲ್ಲಿಗೆ ಆಯಿತು. ಅಪ್ಪ ಮೆಟ್ಟಿಲ ಮೇಲೆ, ಎಡಗಡೆ, ಹಳದಿ ಗೆರೆಯ ಈಚೆ ಕೂತಿದ್ದ. ಸೀಟಿ ಊದಿದರು, ಮಕ್ಕಳು ಧುಮುಕಿದರು. ಕಡ್ಡಿ ಚೆನ್ನಾಗಿಯೇ ಹೊರಟಳು. ಅರ್ಧ ಕೊಳದವರೆಗೆ ಬಂದಳು. ಬಲಕ್ಕೆ ಮುಖ ಎತ್ತಿದಳು, ಅಲ್ಲಿ ಖಾಕಿ ಪ್ಯಾಂಟು ಇರಲಿಲ್ಲ. ಇನ್ನೊಮ್ಮೆ ಎತ್ತಿದಳು. ಯಾರೋ ಬಿಳಿ ಅಂಗಿಯವರು ಇದ್ದರು. ಕಡ್ಡಿ ಅಲ್ಲಿಯೇ ನಿಂತು, ಪಕ್ಕದ ಹಗ್ಗವನ್ನು ತಬ್ಬಿಕೊಂಡು ಸುತ್ತ ನೋಡತೊಡಗಿದಳು.

ಆಮೇಲೆ ನಡೆದದ್ದನ್ನು ಆ ಕೊಳದವರು ಬಹಳ ದಿನ ಹೇಳಿಕೊಂಡು ನಕ್ಕರು. ಅಪ್ಪ ಗೆರೆ ದಾಟಿ ಓಡಿದ. ಗೋಡೆಗೆ ಒರಗಿಸಿದ್ದ ನೆಲ ಒರೆಸುವ ಕೋಲನ್ನು ಎತ್ತಿಕೊಂಡು, ದಡದಲ್ಲಿ ಮಂಡಿಯೂರಿ, ಬಟ್ಟೆ ಕಟ್ಟಿದ ತುದಿಯನ್ನೇ ಮಗಳ ಕಡೆ ಚಾಚಿದ. "ಹಿಡ್ಕೋ ಕಂದಾ, ಹಿಡ್ಕೋ," ಎಂದು ಕೂಗಿದ. ಅಪ್ಪನ ಮಾತು ಮೀರದ ಹುಡುಗಿ ಹಿಡಿದುಕೊಂಡಳು. ಅವನು ಅವಳನ್ನು ಆ ಕೊಳಕು ಬಟ್ಟೆಯ ಸಮೇತ ದಡಕ್ಕೆಳೆದ. ಹೊರಗಿನವರು ಕೈಹಚ್ಚಿದ್ದರಿಂದ ಕಡ್ಡಿಯ ಸ್ಪರ್ಧೆ ಲೆಕ್ಕಕ್ಕಿಲ್ಲವೆಂದು ಬಿಳಿ ಅಂಗಿಯ ತೀರ್ಪುಗಾರರು ಸಾರಿದರು.

ಆ ಸಂಜೆ ಅಜ್ಜಿ ಆಲೂಗಡ್ಡೆ ಹುರಿದಿದ್ದಳು. ಕಡ್ಡಿ ತಟ್ಟೆ ಮುಟ್ಟಲಿಲ್ಲ.

"ತಿನ್ನು," ಎಂದಳು ಅಜ್ಜಿ.

"ಎಲ್ಲರೂ ನನ್ನ ಮಾಪ್ ಅಂತ ಕರೀತಿದಾರೆ."

"ಕರೆದ್ರೆ ಕರೀಲಿ," ಎಂದ ಅಪ್ಪ. "ಮುಳುಗ್ತಿದ್ದೆ ನೀನು."

"ಮುಳುಗ್ತಿರ್ಲಿಲ್ಲ. ನಿನ್ನ ಹುಡುಕ್ತಿದ್ದೆ."

ಅಪ್ಪ ಕೈಯ ತುತ್ತನ್ನು ಮರಳಿ ತಟ್ಟೆಗಿಟ್ಟ.

"ನೀನು ಯಾವಾಗ್ಲೂ ಇರೋ ಕಡೆ ಇರ್ಲಿಲ್ಲ," ಎಂದಳು ಕಡ್ಡಿ. "ಇನ್ಮೇಲೆ ಅಪ್ಪ ಬಂದ್ರೆ ನಾನು ಹೋಗಲ್ಲ."

"ಬೇಡ ಬಿಡು, ಹೋಗ್ಬೇಡ. ನೀರು ಬೇಡ, ಏನೂ ಬೇಡ. ಮನೆ ಮುಂದೆ ಸೈಕಲ್ ಓಡಿಸ್ಕೊಂಡಿರು."

ಅಮ್ಮ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ಯಾಕ್ರೀ ಬೇಡ? ಈಜು ಬರ್ದೇ ಇರೋದು ನಿಮಗೆ, ಅವಳಿಗಲ್ಲ. ನಿಮ್ಮ ಬಸ್ ಪಕ್ಕದಲ್ಲಿ ನಿಮ್ಮಮ್ಮ ದಿನಾ ಓಡ್ಕೊಂಡು ಬಂದ್ರೆ ನೀವು ಓಡಿಸ್ತೀರಾ?"

"ನನ್ನ ಯಾಕೆ ಎಳೀತೀಯಾ ಮಧ್ಯಕ್ಕೆ?" ಎಂದಳು ಅಜ್ಜಿ.

"ಬಸ್ಸು ಮುಳುಗಲ್ಲ," ಎಂದ ಅಪ್ಪ.

"ಅವಳೂ ಮುಳುಗಲಿಲ್ಲ. ನಾನು ಅಲ್ಲೇ ನಿಂತಿದ್ದೆ. ನೋಡಿದೀನಿ."

ಮಾತಿಗೆ ಮಾತು ಬೆಳೆಯಿತು. ಊಟದ ಹೊತ್ತು, ತಂಗಳು, ಪಾಳಿ, ಹಾಕಿದ ರಜೆ, ಒಣಗದ ಟವೆಲ್ಲುಗಳು, ಎಲ್ಲವೂ ಹೊರಗೆ ಬಂದವು. ಕೊನೆಗೆ ಅಜ್ಜಿ ಸೌಟನ್ನು ಪಾತ್ರೆಯ ಮೇಲೆ ಬಡಿದು ಎಲ್ಲರ ಬಾಯಿ ಮುಚ್ಚಿಸಿದಳು. ಹುರಿದ ಆಲೂಗಡ್ಡೆಯನ್ನು ಅಂದು ಯಾರೂ ಸರಿಯಾಗಿ ತಿನ್ನಲಿಲ್ಲ.

ಮರುದಿನ ಕಡ್ಡಿ ಹಾಸಿಗೆ ಬಿಟ್ಟು ಏಳಲಿಲ್ಲ. ಅಜ್ಜಿ ಹೊದಿಕೆ ಎಳೆದಳು.

"ಬಿಡೋದಾದ್ರೆ ಬಿಡು. ಆದ್ರೆ ಮಗುನೇ ಬಂದು ಹೇಳ್ಬೇಕು ಅಂತ ಆಯಮ್ಮ ಹೇಳಿಲ್ವಾ? ನಡಿ, ಹೇಳಿಬಾ. ನಾನು ಗೇಟ್ ತನಕ ಬರ್ತೀನಿ."

ಕಡ್ಡಿ ಹೋಗಿ ಮೇಡಂ ಎದುರು ನಿಂತು, ತಾನು ಬಿಡುತ್ತೇನೆಂದು ಹೇಳಿದಳು. ಮೇಡಂ ಕೊಳದ ಹಗ್ಗ ಕಟ್ಟುತ್ತಿದ್ದವರು ತಲೆಯೆತ್ತಿದರು.

"ಬೇಜಾರು ಆಗಿರೋದು ನೀರಿಂದಾನೋ ಅಪ್ಪನಿಂದಾನೋ?"

ಕಡ್ಡಿ ಸ್ವಲ್ಪ ಯೋಚಿಸಿ, "ಅಪ್ಪನಿಂದ," ಎಂದಳು.

"ಹಾಗಾದ್ರೆ ಅಪ್ಪನ್ನ ನಾನು ನೋಡ್ಕೋತೀನಿ. ನೀನು ಎಡಗಡೆಗೂ ಉಸಿರು ತಗೊಳೋದು ಕಲಿ. ಒಂದೇ ಕಡೆ ನೋಡ್ಕೊಂಡು ಈಜಿದ್ರೆ ಆ ಕಡೆ ಏನೋ ಇದ್ದೇ ಇರ್ಬೇಕು ಅನ್ಸುತ್ತೆ. ಹೋಗು, ಟೋಪಿ ಹಾಕು."

ಮೇಡಂ ಅಪ್ಪನನ್ನು ನೋಡಿಕೊಂಡದ್ದು ಹೀಗೆ. ಅಭ್ಯಾಸದ ದಿನಗಳಲ್ಲಿ ಅವನು ಗೇಟಿನಿಂದ ಒಳಗೆ ಕಾಲಿಡುವ ಹಾಗಿಲ್ಲ. ಪಂದ್ಯದ ದಿನಗಳಲ್ಲಿ ಶರಬತ್ತಿನ ಮೇಜು ಅವನದು. ಆ ಮೇಜು ಗೇಟಿನ ಹತ್ತಿರ, ಬೀದಿಗೆ ಮುಖ ಮಾಡಿ ಇತ್ತು. ಮಾರುವವನ ಬೆನ್ನು ಕೊಳಕ್ಕೆ.

"ಮೇಜನ್ನ ಆ ಕಡೆ ತಿರುಗಿಸಿ ಹಾಕ್ಬಹುದಲ್ವಾ ಮೇಡಂ?" ಎಂದು ಅಪ್ಪ ಕೇಳಿದ.

"ತಿರುಗಿಸ್ಬಹುದು ಸರ್. ತಿರುಗಿಸಲ್ಲ."

ಅಪ್ಪ ಗೇಟಿನ ಹೊರಗೆ, ಬೀದಿಯ ಬೆಂಚಿನ ಮೇಲೆ ಬೆಳಗುಗಳನ್ನು ಕಳೆದ. ಒಳಗಿನಿಂದ ಸೀಟಿ ಕೇಳಿದಾಗೆಲ್ಲ ಬೆಂಚು ಬಿಟ್ಟು ಎದ್ದು ನಿಲ್ಲುತ್ತಿದ್ದ. ಅವನಿಗೆ ಸಿಟ್ಟಿಗಿಂತ ಹೆಚ್ಚಾಗಿ ಭಯವಿತ್ತು. ತಾನು ನೋಡುತ್ತಿರುವಷ್ಟು ಹೊತ್ತು ಮಾತ್ರ ಮಗಳು ತೇಲುತ್ತಾಳೆ, ಕಣ್ಣು ತೆಗೆದರೆ ಹೋದಳು ಎಂದು ಅವನ ಮನಸ್ಸು ಗಟ್ಟಿಯಾಗಿ ನಂಬಿಬಿಟ್ಟಿತ್ತು. ಯಾರಿಗೂ ಹೇಳಿಕೊಳ್ಳುವ ಮಾತಲ್ಲ ಅದು. ಹೇಳಿದರೆ ನಗುತ್ತಾರೆಂದು ಅವನಿಗೇ ಗೊತ್ತಿತ್ತು.

ಮನೆಯಲ್ಲಿ ಅಜ್ಜಿ ಬೇರೆಯೇ ಶಾಲೆ ತೆರೆದಳು. ಹಿಟ್ಟು ಕಲಸುವ ದೊಡ್ಡ ಬೋಗುಣಿಗೆ ನೀರು ತುಂಬಿ, ಅಡುಗೆಮನೆಯ ಸ್ಟೂಲಿನ ಮೇಲಿಟ್ಟು, ಕಡ್ಡಿಯ ಮುಖವನ್ನು ಅದರಲ್ಲಿ ಮುಳುಗಿಸಿದಳು. ತಾನು ಸೌಟು ಹಿಡಿದು ಪಕ್ಕಕ್ಕೆ ನಿಂತಳು.

"ಬಲಕ್ಕೆ. ಹ್ಞಾಂ. ಈಗ ಎಡಕ್ಕೆ. ಎಡಕ್ಕೆ ಅಂದೆ, ಅದು ಊಟ ಮಾಡೋ ಕೈ."

"ಅತ್ತೆ, ಇದು ಅಡುಗೆಮನೆನೋ ಕೆರೆನೋ? ಕಾಲಿಟ್ರೆ ಜಾರುತ್ತೆ."

"ಜಾರಿದ್ರೆ ಈಜು," ಎಂದಳು ಅಜ್ಜಿ. ಅಮ್ಮ ಗೊಣಗುತ್ತಲೇ ಹಳೆಯ ಚಾದರ ತಂದು ನೆಲಕ್ಕೆ ಹಾಸಿದಳು. ಆಮೇಲೆ ಅಲ್ಲಿಯೇ ಕುಕ್ಕರುಗಾಲಲ್ಲಿ ಕೂತು, ಎಡಕ್ಕೆ ತಿರುಗಿದಾಗ ಕಡ್ಡಿಯ ಭುಜ ಮೇಲೇಳುತ್ತದೆಂದು ತಿದ್ದಿದಳು. ಕಾಲರ್ ಕೂಡಿಸುವವಳ ಕಣ್ಣು ಸೊಟ್ಟ ಭುಜವನ್ನು ಸಹಿಸದು.

ರಜೆಯ ದಿನ ಒಮ್ಮೆ ಅಪ್ಪ ಮನೆಯಲ್ಲಿದ್ದಾಗಲೇ ಬೋಗುಣಿ ಹೊರಬಂತು.

"ಅಪ್ಪ, ನೀನು ಗೋಡೆ ನೋಡು," ಎಂದಳು ಕಡ್ಡಿ.

"ಇಲ್ಲೂನಾ? ಬೋಗುಣಿಲೂ ಮುಳುಗ್ತಾರೆ ಅಂತ ನಾನೇನು ಹೇಳಿಲ್ವಲ್ಲ."

"ಗೋಡೆ ನೋಡು."

ಅಪ್ಪ ತಟ್ಟೆ ಹಿಡಿದುಕೊಂಡು ಗೋಡೆಗೆ ಮುಖ ಮಾಡಿ ಕೂತು ಉಂಡ. ಬೆನ್ನ ಹಿಂದೆ ನೀರು ಬುಳಕ್ ಎಂದಾಗೆಲ್ಲ ಅವನ ಕತ್ತು ಅರ್ಧ ತಿರುಗಿ, ಮತ್ತೆ ಗೋಡೆಗೆ ಮರಳುತ್ತಿತ್ತು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ಎಷ್ಟೋ ದಿನಗಳ ಮೇಲೆ ಆ ಮನೆಯಲ್ಲಿ ಊಟದ ಹೊತ್ತಿಗೆ ನಗು ಕೇಳಿತು.

ಮುಖ ಒರೆಸಿಕೊಂಡು ಕಡ್ಡಿ ಅಪ್ಪನ ಎದುರಿಗೆ, ಗೋಡೆಗೂ ಅವನಿಗೂ ನಡುವೆ ಬಂದು ಕೂತಳು.

"ಕೊನೇ ಪಂದ್ಯಕ್ಕೆ ಮೇಡಂ ನನ್ನ ಹಾಕಿದಾರೆ. ಹಗ್ಗ ಹಿಡೀದೆ ಈ ತುದಿ ಮುಟ್ಟಿದ್ರೆ ಮುಂದಿನ ವರ್ಷಾನೂ ತಂಡದಲ್ಲಿರ್ತೀನಿ."

"ಮುಟ್ಟು. ಯಾರು ಬೇಡ ಅಂದ್ರು?"

"ನೀನು ನೋಡಬಾರ್ದು. ಒಂದೇ ಒಂದು ಸಲ ತಿರುಗಿ ನೋಡಿದ್ರೂ ನಾನು ಬಿಟ್ಬಿಡ್ತೀನಿ. ನೀನು ನೋಡ್ತಿದ್ರೆ ನಂಗೆ ಗೊತ್ತಾಗುತ್ತೆ, ಆಮೇಲೆ ನಿನ್ನ ಹುಡುಕಬೇಕು ಅನ್ಸುತ್ತೆ."

"ನೋಡಲ್ಲ."

"ಹೇಗೆ ನಂಬೋದು?"

"ನಂಬು," ಎಂದಷ್ಟೇ ಹೇಳಿ ಅಪ್ಪ ಬೆರಳು ಚೀಪಿದ. ಕಡ್ಡಿ ನಂಬಿದ ಹಾಗೆ ಕಾಣಲಿಲ್ಲ.

ಕೊನೆಯ ಪಂದ್ಯದ ದಿನ ಮನೆಗೆ ಮನೆಯೇ ಕೊಳದಲ್ಲಿತ್ತು. ಅಮ್ಮ ಸ್ಟಾಪ್‌ವಾಚು ಹಿಡಿದು ಎರಡನೇ ಲೇನಿನ ತುದಿಯಲ್ಲಿ ನಿಂತಿದ್ದಳು. ತನ್ನ ಲೇನಿನ ಗೋಡೆ ಬಿಟ್ಟು ಬೇರೆ ಕಡೆ ಕಣ್ಣು ಹಾಯಿಸಬಾರದೆಂದು ಮೇಡಂ ಕಟ್ಟಪ್ಪಣೆ ಮಾಡಿದ್ದರು. ಅಜ್ಜಿ ಪುಟ್ಟ ಮಕ್ಕಳನ್ನು ಸರದಿಯಂತೆ ಬೆಂಚಿನ ಮೇಲೆ ಕೂರಿಸುತ್ತಿದ್ದಳು. ಆಕೆಯ ಒಂದು ಹ್ಞೂಂಕಾರಕ್ಕೆ ಎರಡೂ ತಂಡದ ಮಕ್ಕಳು ಮೂತ್ರಕ್ಕೆ ಹೋಗಿ ಬಂದು ಬಾಯಿ ಮುಚ್ಚಿ ಕೂರುತ್ತಿದ್ದವು.

ಅಪ್ಪ ಶರಬತ್ತಿನ ಮೇಜಿಗೆ ಬಂದಾಗ ಅಲ್ಲೊಂದು ಹೊಸ ವಸ್ತುವಿತ್ತು. ಬನ್ನು ಇಡಲು ಯಾರೋ ಗಾಜಿನ ಪೆಟ್ಟಿಗೆ ತಂದಿಟ್ಟಿದ್ದರು. ನಿಂಬೆಹಣ್ಣು ಕೊಯ್ಯುತ್ತ ಅಪ್ಪ ಅದರ ಕಡೆ ನೋಡಿದ. ಗಾಜಿನಲ್ಲಿ ಕೊಳ ಪೂರ್ತಿಯಾಗಿ ಕಾಣುತ್ತಿತ್ತು. ನೀರು, ಹಗ್ಗಗಳು, ಬೆಂಚು, ಬೆಂಚಿನ ಮೇಲೆ ನೀಲಿ ಟೋಪಿ, ಕೆಂಪು ಟೋಪಿಗಳ ಸಾಲು. ಬೆನ್ನು ತಿರುಗಿಸಿಯೇ ಎಲ್ಲವನ್ನೂ ನೋಡಬಹುದಿತ್ತು, ಬಸ್ಸಿನಲ್ಲಿ ನೋಡುವ ಹಾಗೆ. ಯಾರಿಗೂ ತಿಳಿಯುತ್ತಿರಲಿಲ್ಲ. ತಿರುಗಿ ನೋಡಿದ ಹಾಗೂ ಆಗುತ್ತಿರಲಿಲ್ಲ.

ಅವನ ಕೈಯ ಚಾಕು ಸ್ವಲ್ಪ ಹೊತ್ತು ಹಣ್ಣಿನ ಮೇಲೆ ಹಾಗೇ ನಿಂತಿತು. ಆಮೇಲೆ ಭುಜದ ಮೇಲಿನ ಟವೆಲ್ಲನ್ನು ತೆಗೆದು ಗಾಜಿನ ಮೇಲೆ ಹೊದಿಸಿದ.

"ಬನ್ನು ಕಾಣಲ್ವಲ್ಲಪ್ಪ," ಎಂದರು ಗಿರಾಕಿಯೊಬ್ಬರು.

"ಬಿಸಿಲಿಗೆ ಒಣಗುತ್ತೆ ಸರ್. ಕೇಳಿ, ಕೊಡ್ತೀನಿ."

ಅತ್ತ ಬೆಂಚಿನ ಮೇಲೆ ಕಡ್ಡಿಯ ಸರದಿ ಹತ್ತಿರ ಬಂದಿತ್ತು. ಅವಳು ತಂಡದ ನೀಲಿ ಟೋಪಿಯನ್ನು ಕಿವಿಯ ಮೇಲೆ ಎಳೆದುಕೊಂಡಳು, ಅದು ಪರ್ರೆಂದು ನಡುಮಧ್ಯೆ ಹರಿಯಿತು. ಕಡ್ಡಿಯ ಮುಖ ಅಳುವ ಹಾಗಾಯಿತು.

"ಅಜ್ಜಿ, ಇನ್ನೊಂದಿಲ್ಲ."

ಅಜ್ಜಿ ಆ ಕಡೆ ಈ ಕಡೆ ನೋಡಿದಳು. ಆಗಷ್ಟೇ ಈಜಿ ಬಂದು ಟವೆಲ್ಲು ಸುತ್ತಿಕೊಂಡಿದ್ದ ಎದುರು ತಂಡದ ಹುಡುಗಿಯೊಬ್ಬಳಿದ್ದಳು.

"ಏ ಮಗು, ನಿನ್ನ ಟೋಪಿ ಕೊಡಮ್ಮ ಒಂಚೂರು. ಶೀತ ಇದ್ಯಾ? ಇಲ್ಲ ತಾನೆ? ಕೊಡು."

ಆ ಹುಡುಗಿ ತಬ್ಬಿಬ್ಬಾಗಿ ಕೊಟ್ಟೇಬಿಟ್ಟಳು. ಅದು ಕೆಂಪು ಟೋಪಿ. ಅಜ್ಜಿ ಅದನ್ನು ಮೊಮ್ಮಗಳ ತಲೆಗೆ ಹಾಕಿ ಬೆನ್ನಿಗೊಂದು ಮೆಲ್ಲನೆ ತಟ್ಟಿದಳು. "ನೀರಿಗೆ ಬಣ್ಣ ಕಾಣಲ್ಲ. ಹೋಗು."

ಸೀಟಿ ಊದಿದರು. ಮಕ್ಕಳು ಧುಮುಕಿದ ಸದ್ದು ಮೇಜಿನವರೆಗೂ ಕೇಳಿತು.

ಅಪ್ಪ ನಿಂಬೆಹಣ್ಣು ಹಿಂಡತೊಡಗಿದ. ಒಂದು ಹಿಂಡಿದ, ಇನ್ನೊಂದು ಹಿಂಡಿದ. ಜನ ಕೂಗುತ್ತಿದ್ದರು, ಯಾರ ಹೆಸರೆಂದು ತಿಳಿಯುತ್ತಿರಲಿಲ್ಲ. ನಂತರ ಕೂಗು ಸ್ವಲ್ಪ ಇಳಿಯಿತು. ಯಾಕೆ ಇಳಿಯಿತು? ಯಾರಾದರೂ ನಿಂತರೇ? ಎದುರಿಗಿದ್ದ ಬೀದಿಯ ಕಂಬವನ್ನು ದಿಟ್ಟಿಸಿ ನೋಡುತ್ತ, ಹಣ್ಣಿನ ಮೇಲೆ ಹಣ್ಣು ಹಿಂಡಿದ. ಟವೆಲ್ಲಿನ ಒಂದು ಮೂಲೆ ಗಾಳಿಗೆ ಎದ್ದಿತು. ರಸ ಸುರಿಯುವ ಕೈಯಿಂದಲೇ ಅದನ್ನು ಒತ್ತಿ ಹಿಡಿದ.

ಮನೆಯವರಲ್ಲಿ ನೋಡಿದವಳು ಅಜ್ಜಿ ಒಬ್ಬಳೇ. ಅರ್ಧ ಕೊಳಕ್ಕೆ ಬಂದಾಗ ಕೆಂಪು ಟೋಪಿ ಬಲಕ್ಕೆ ಎದ್ದಿತು, ಅಲ್ಲಿ ಯಾರೂ ಇರಲಿಲ್ಲ. ಎಡಕ್ಕೆ ಎದ್ದಿತು, ಅಲ್ಲೂ ಇರಲಿಲ್ಲ. ಟೋಪಿ ಮತ್ತೆ ನೀರಿಗಿಳಿಯಿತು, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ, ಬೋಗುಣಿಯಲ್ಲಿ ಕಲಿತ ಹಾಗೆಯೇ. ಹಗ್ಗದ ಕಡೆಗೆ ಕೈ ಹೋಗಲೇ ಇಲ್ಲ. ಗೆದ್ದವರು ಯಾರೋ, ಕಡ್ಡಿ ತುದಿ ಮುಟ್ಟುವ ಹೊತ್ತಿಗೆ ಅವಳಿಗಿಂತ ಮೊದಲು ಬಂದ ಮೂವರು ಮೂಗು ಒರೆಸಿಕೊಳ್ಳುತ್ತಿದ್ದರು. ಅಜ್ಜಿಗೆ ಅದರ ಪರಿವೆಯೇ ಇರಲಿಲ್ಲ. ಆಕೆ ಬೆಂಚಿನ ಮೇಲೆ ಮಕ್ಕಳ ನಡುವೆಯೇ ಕೂತು, ಸೆರಗಿನಿಂದ ಮುಖ ಒರೆಸಿಕೊಂಡಳು.

ಮೇಜಿನ ಮುಂದೆ ಸಾಲು ಬೆಳೆದಿತ್ತು. ಅಪ್ಪ ತಲೆ ತಗ್ಗಿಸಿ ಲೋಟಗಳನ್ನು ತುಂಬುತ್ತಿದ್ದ. ಮುಂದಿನ ಗಿರಾಕಿಯ ಕೈಗಳು ಬೆನ್ನ ಹಿಂದಿದ್ದವು, ಮೈಯಿಂದ ನೀರು ತೊಟ್ಟಿಕ್ಕುತ್ತಿತ್ತು. ಅಪ್ಪ ತಲೆಯೆತ್ತಿದ. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತ ಮಗಳನ್ನು ನೋಡಿ ಕೈಯ ಲೋಟ ಕೆಳಗಿಟ್ಟ.

"ಬಂದ್ಯಾ," ಎಂದ.

"ನೋಡಿದ್ಯಾ?"

"ಇಲ್ಲ."

"ಸುಳ್ಳು."

"ನಿನ್ನಾಣೆ ಇಲ್ಲ."

ಕಡ್ಡಿ ಕಣ್ಣು ಕಿರಿದಾಗಿಸಿ ಅವನನ್ನೇ ನೋಡಿದಳು. "ಹಾಗಾದ್ರೆ ಹೇಳು. ನಾನು ಹಾಕ್ಕೊಂಡಿದ್ದ ಟೋಪಿ ಯಾವ ಬಣ್ಣ?"

"ಇದೇನು ಪ್ರಶ್ನೆ? ನೀಲಿ. ನಿಮ್ಮಮ್ಮ ನಿನ್ನೆ ತೊಳೆದು ಹಾಕಿದ್ದು."

ಬೆನ್ನ ಹಿಂದಿನಿಂದ ಕೈ ಮುಂದೆ ಬಂತು. ಕೈಯಲ್ಲಿ ಕೆಂಪು ಟೋಪಿಯಿತ್ತು. ಅಪ್ಪ ಅದನ್ನು ನೋಡಿದ, ಮಗಳನ್ನು ನೋಡಿದ, ಏನೂ ಅರ್ಥವಾಗದೆ ಮತ್ತೆ ಟೋಪಿಯನ್ನು ನೋಡಿದ. ಕಡ್ಡಿಯ ಮುಖ ಅಗಲವಾಯಿತು.

"ನೀನು ನೋಡೇ ಇಲ್ಲ," ಎಂದಳು. ಆಮೇಲೆ ಸಾಲಿನಲ್ಲಿದ್ದವರ ಕಡೆ ತಿರುಗಿ, "ನಮ್ಮಪ್ಪ ನೋಡೇ ಇಲ್ಲ," ಎಂದು ಅವರಿಗೂ ಹೇಳಿದಳು. ಅವರಿಗೆ ತಲೆಬುಡ ತಿಳಿಯಲಿಲ್ಲ, ಆದರೂ ಒಬ್ಬರು ಒಳ್ಳೆಯದಾಯಿತು ಎಂದರು.

ಅಪ್ಪ ಲೋಟ ತುಂಬಿ ಕೊಟ್ಟ. ಕಡ್ಡಿ ಒಂದು ಗುಟುಕು ಕುಡಿದು ಮುಖ ಹಿಂಡಿದಳು. ಸಕ್ಕರೆಯೇ ಬಿದ್ದಿರಲಿಲ್ಲ, ಬರೀ ಹುಳಿ. ಹಾಗೆಯೇ ಪೂರ್ತಿ ಕುಡಿದು, ಲೋಟ ಕೆಳಗಿಟ್ಟು, ಮೇಜು ಸುತ್ತಿ ಬಂದು ಅಪ್ಪನ ಜಿಗುಟು ಕೈ ಹಿಡಿದಳು. ಹಳದಿ ಗೆರೆಯ ಹತ್ತಿರ ಕರೆದುಕೊಂಡು ಹೋಗಿ, ಅದರ ಈಚೆಗೇ ನಿಲ್ಲಿಸಿದಳು. ಮುಂದಿನ ಸ್ಪರ್ಧೆಗೆ ಇನ್ನೂ ಹೊತ್ತಿತ್ತು. ಕೊಳ ಖಾಲಿಯಿತ್ತು.

"ಈಗ ನೋಡು," ಎಂದು ನೀರಿನ ಕಡೆ ಬೆರಳು ತೋರಿಸಿದಳು. "ನಾನು ಆ ತುದಿಯಿಂದ ಹೊರಟೆ."

ಅಪ್ಪ ನೋಡಿದ.